ಬಾನೆಟ್ ಮೇಲಿನ ಬಾಯಿ

ನಮ್ಮ ಯಜಮಾನರಿಗೆ ಸಂದು ಕಂಡರೆ ಆಗುವುದಿಲ್ಲ. ಎರಡು ತಗಡು ಸೇರುವ ಕಡೆ ಉಗುರು ತೂರುವಷ್ಟು ಜಾಗ ಉಳಿದರೂ ಅವತ್ತು ಅವರಿಗೆ ಊಟ ಸೇರದು. ಎಲ್ಲೋ ಗುದ್ದಿಸಿಕೊಂಡು ನುಜ್ಜುಗುಜ್ಜಾಗಿ ಬಂದ ಕಾರುಗಳ ಮೈಯನ್ನು ತಟ್ಟಿ, ಎಳೆದು, ಉಜ್ಜಿ ಮೊದಲಿನ ಹಾಗೆ ಮಾಡುವುದು ಅವರ ಕಸುಬು. ಅವರ ಕೈಯಿಂದ ಹೊರಬಂದ ಬಾಗಿಲಿನ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ, ಪೆಟ್ಟು ಎಲ್ಲಿ ಬಿದ್ದಿತ್ತೆಂದು ಪೆಟ್ಟು ಕೊಟ್ಟವನಿಗೂ ತಿಳಿಯುವುದಿಲ್ಲ. ಬೀದಿಯವರೆಲ್ಲ ಅವರನ್ನು ನುಣುಪಣ್ಣ ಎಂದೇ ಕರೆಯುತ್ತಾರೆ. ಹಾಗೆ ಕರೆದಾಗ ಮುಖ ಸಿಂಡರಿಸಿದಂತೆ ಮಾಡಿ ಒಳಗೊಳಗೇ ಹಿಗ್ಗುತ್ತಾರೆ.

ಅವರ ಶೆಡ್ಡಿನ ಹಿಂದಿನ ಮೂಲೆಯಲ್ಲಿ ನಾನು ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತೇನೆ. ನನ್ನ ತಮ್ಮ ಎಂಜಿನ್ ಕೆಲಸ ನೋಡಿಕೊಳ್ಳುತ್ತಾನೆ. ಮೂವರೂ ಒಂದೇ ಸೂರಿನ ಕೆಳಗೆ ಕಿತ್ತಾಡುತ್ತ ದುಡಿಯುತ್ತೇವೆ. ಗಿರಾಕಿಗಳು ನಮ್ಮ ಜಗಳ ಕೇಳುವುದಕ್ಕೆಂದೇ ಸ್ವಲ್ಪ ಮುಂಚೆ ಬರುತ್ತಾರೆ ಎಂದು ಪಕ್ಕದ ಬೀಗದಂಗಡಿಯವನು ಹೇಳುವುದುಂಟು. ಅವನಿಗೂ ಬೇರೆ ಕೆಲಸವಿಲ್ಲ.

ಮಗಳು ಮಾತ್ರ ನಮ್ಮ ಜೊತೆಗಿಲ್ಲ. ಅವಳು ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಾಳೆ. “ನಿಧಾನ, ಬ್ರೇಕು, ಇನ್ನೂ ನಿಧಾನ” ಎಂದು ವಾರವಿಡೀ ಬಾಯಿ ಒಣಗಿಸಿಕೊಳ್ಳುವ ಹುಡುಗಿ, ರಜೆ ಬಂತೆಂದರೆ ಹೆಲ್ಮೆಟ್ ಹಾಕಿಕೊಂಡು ಗುಡ್ಡದ ರಸ್ತೆಯಲ್ಲಿ ಕಾರನ್ನು ಬಿಟ್ಟ ಬಾಣದ ಹಾಗೆ ಓಡಿಸುತ್ತಾಳೆ. ಅದೊಂದು ಪಂದ್ಯ. ಗುಡ್ಡದ ಬುಡದಿಂದ ನೆತ್ತಿಯವರೆಗೆ ಕಾರುಗಳು ಒಂದೊಂದಾಗಿ ಹತ್ತಬೇಕು. ಯಾರು ಬೇಗ ಹತ್ತಿದರೋ ಅವರೇ ಗೆದ್ದಂತೆ. ಆ ವರ್ಷದ ಕೊನೆಯ ಪಂದ್ಯ ಬಾಕಿಯಿತ್ತು. ಅದರಲ್ಲಿ ಮೊದಲ ಮೂವರೊಳಗೆ ಬಂದವರನ್ನು ದೊಡ್ಡ ತಂಡವೊಂದು ಸೇರಿಸಿಕೊಳ್ಳಲಿತ್ತು. ಇತ್ತ ಡ್ರೈವಿಂಗ್ ಶಾಲೆಯ ಒಡತಿ, ಹೊಸ ಶಾಖೆಯನ್ನು ನೀನೇ ನೋಡಿಕೋ ಎಂದು ಮಗಳಿಗೆ ಗಂಟುಬಿದ್ದಿದ್ದಳು. ಒಪ್ಪಿಕೊಂಡರೆ ರಜೆಯ ದಿನವೂ ಅಲ್ಲೇ ಇರಬೇಕು.

“ಈ ಸಲ ಮೂರರೊಳಗೆ ಬರ್ಲಿಲ್ಲ ಅಂದ್ರೆ ಹೆಲ್ಮೆಟ್ ಅಟ್ಟದ ಮೇಲೆ ಇಟ್ಟುಬಿಡ್ತೀನಮ್ಮ,” ಎಂದು ಮಗಳು ಖಡಾಖಂಡಿತವಾಗಿ ಹೇಳಿದಳು. “ಎಷ್ಟು ಸಲ ಅಂತ ನಾಲ್ಕನೆಯವಳಾಗೋದು? ಸಾಕಾಗಿದೆ.”

ನಗುತ್ತಲೇ ಹೇಳಿದಳು. ಆದರೆ ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ?

ತೊಂದರೆ ಇದ್ದದ್ದು ಅವಳಲ್ಲಲ್ಲ, ಕಾರಿನಲ್ಲಿ. ಗುಡ್ಡದ ಅರ್ಧದವರೆಗೆ ಅವಳದೇ ದರ್ಬಾರು. ಅಲ್ಲಿಂದ ಮುಂದೆ, ರಸ್ತೆ ಹಾವಿನ ಹಾಗೆ ಸುತ್ತುವ ಜಾಗದಲ್ಲಿ, ಕಾರಿಗೆ ಏದುಸಿರು ಬರುತ್ತಿತ್ತು. ಎಷ್ಟು ತುಳಿದರೂ ಮುಂದೆ ಹೋಗಲಾರೆ ಎನ್ನುತ್ತಿತ್ತು.

ಯಾಕೆಂದು ತಮ್ಮ ನನಗೆ ಬಿಡಿಸಿ ಹೇಳಿದ. ಅವಳ ಕಾರಿಗೆ ಟರ್ಬೊ ಇದೆ. ಟರ್ಬೊ ಎಂದರೆ ಎಂಜಿನ್ನಿನ ಹೊಟ್ಟೆಗೆ ಗಾಳಿಯನ್ನು ಒತ್ತಿ ಒತ್ತಿ ತುರುಕುವ ಯಂತ್ರ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಪಂಪು ಹೊಡೆದು ಕೈ ಸುಟ್ಟುಕೊಂಡವರಿಗೆ ಇದು ಗೊತ್ತು. ಕಾದ ಗಾಳಿ ತೆಳ್ಳಗೆ. ಅದನ್ನು ಎಷ್ಟು ನುಂಗಿದರೂ ಎಂಜಿನ್ನಿಗೆ ಶಕ್ತಿ ಬಾರದು. ಹಾಗಾಗಿ ಅದನ್ನು ಮೊದಲು ಇಂಟರ್‌ಕೂಲರ್ ಎಂಬ ಜಾಲರಿ ಪೆಟ್ಟಿಗೆಯಲ್ಲಿ ಹಾಯಿಸಿ ತಣಿಸುತ್ತಾರೆ. ನಮ್ಮ ಕಾರಿನಲ್ಲಿ ಆ ಪೆಟ್ಟಿಗೆ ಎಂಜಿನ್ನಿನ ನೆತ್ತಿಯ ಮೇಲೆಯೇ ಕೂತಿದೆ. ಕೆಳಗೆ ಬೆಂಕಿಯಂಥ ಎಂಜಿನ್, ಮೇಲೆ ಬಾನೆಟ್. ಅದಕ್ಕೆ ತಂಗಾಳಿ ಸಿಗುವುದು ಬಾನೆಟ್ಟಿನ ಮೇಲೆ ತೆರೆದಿರುವ ಒಂದು ಬಾಯಿಯಿಂದ. ಸ್ಕೂಪ್ ಎನ್ನುತ್ತಾರೆ ಅದಕ್ಕೆ. ಕಾರು ಮುಂದೆ ಹೋದಂತೆ ಗಾಳಿ ಆ ಬಾಯಿಯೊಳಗೆ ನುಗ್ಗಿ, ಜಾಲರಿಯಲ್ಲಿ ಹಾದು, ಪೆಟ್ಟಿಗೆಯನ್ನು ತಣ್ಣಗಿಡಬೇಕು.

“ಇಡ್ತಾ ಇಲ್ಲ ಅಕ್ಕ,” ಎಂದ ತಮ್ಮ. “ದೊಡ್ಡ ಟರ್ಬೊ ಕೂರಿಸಿದ್ದು ನಾನೇ. ಅದಕ್ಕೆ ತಕ್ಕ ಹಾಗೆ ತಣಿಯೋದು ಬೇಡ್ವಾ? ಅರ್ಧ ಗುಡ್ಡ ಹತ್ತೋದ್ರೊಳಗೆ ಪೆಟ್ಟಿಗೆ ಕಾವಲಿ ಆಗಿರುತ್ತೆ.”

“ಬಾಯಿ ಚಿಕ್ಕದಾಯ್ತು,” ಎಂದರು ನಮ್ಮವರು. ಅಷ್ಟು ಹೇಳಿ ಸುತ್ತಿಗೆ ಎತ್ತಿಕೊಂಡರು.

ಬಾನೆಟ್ಟಿನ ಹಳೆಯ ಬಾಯಿಯನ್ನು ಕತ್ತರಿಸಿ ತೆಗೆದು ಹೊಸದೊಂದನ್ನು ಮಾಡಿದರು. ಏನು ಮಾಡಿದರು ಅಂತೀರಿ! ಮೊಳ ಅಗಲದ ಬಾಯಿ, ಗೇಣು ಎತ್ತರದ ತುಟಿ, ಹಿಂದಕ್ಕೆ ಹೋದಂತೆ ಇಳಿಜಾರಾಗುವ ಬೆನ್ನು. ಎಲ್ಲಿ ಬೆಸುಗೆ ಹಾಕಿದರು ಎಂದು ಹುಡುಕಿದರೂ ಸಿಗದು. ಗಾಳಿ ಅಕ್ಕಪಕ್ಕಕ್ಕೆ ಸೋರಿಹೋಗಬಾರದೆಂದು ಬಾಯಿಗೂ ಪೆಟ್ಟಿಗೆಗೂ ನಡುವೆ ದಪ್ಪ ರಬ್ಬರಿನ ಲಂಗವೊಂದನ್ನು ನನ್ನ ಕೈಲಿ ಹೊಲಿಸಿದರು. ಅದನ್ನು ಹೊಲಿಯುವುದರಲ್ಲಿ ಮೂರು ಸೂಜಿ ಮುರಿದವು. ಬೀದಿಯವರೆಲ್ಲ ಬಂದು ಬೆರಗಾಗಿ ನೋಡಿ ಹೋದರು. ಬೀಗದಂಗಡಿಯವನು ಒಳಗೆ ತಲೆ ತೂರಿಸಿ, “ನುಣುಪಣ್ಣ, ಒಂದು ಬಾಗ್ಲು ಇಟ್ಟು ಬೀಗ ಹಾಕಿದ್ರೆ ಬಾಡಿಗೆಗೆ ಬಿಡಬಹುದು ಕಣೋ” ಎಂದ.

ನಮ್ಮವರ ಎದೆ ಉಬ್ಬಿತ್ತು. ಮಗಳು ಅದೇ ದಿನ ಕಾರನ್ನು ಗುಡ್ಡಕ್ಕೆ ಒಯ್ದಳು, ಸಂಜೆ ಮುಖ ಇಳಿಬಿಟ್ಟುಕೊಂಡು ಬಂದಳು.

“ಅಪ್ಪ, ಮುಂಚಿಗಿಂತ ಕಡೆ.”

“ಸಾಧ್ಯವೇ ಇಲ್ಲ,” ಎಂದರು ಇವರು.

“ಇಷ್ಟು ದೊಡ್ಡ ಬಾಯಿ ಗಾಳಿಗೆ ಅಡ್ಡ ನಿಲ್ಲುತ್ತೆ, ಕಾರನ್ನ ಹಿಂದಕ್ಕೆ ಎಳೆದ ಹಾಗೆ ಆಗುತ್ತೆ. ಪೆಟ್ಟಿಗೆ ಮಾತ್ರ ತಣ್ಣಗಾಗಲ್ಲ.”

“ಹಾಗಾದ್ರೆ ಇನ್ನೂ ಸ್ವಲ್ಪ ದೊಡ್ಡದು ಮಾಡೋಣ.”

ನನಗೆ ನಗು ತಡೆಯಲಾಗಲಿಲ್ಲ. “ಏನ್ರೀ, ಇನ್ನೂ ದೊಡ್ಡದು ಮಾಡಿದ್ರೆ ಕಾರಿಗೆ ಬಾಯಿ ಇರಲ್ಲ, ಬಾಯಿಗೆ ಕಾರು ಇರುತ್ತೆ” ಎಂದೆ. ತಮ್ಮ ಕಾರಿನ ಮರೆಗೆ ಹೋಗಿ ನಕ್ಕ.

ಗಾಳಿ ಎಲ್ಲಿ ಹೋಗುತ್ತಿದೆ ಎಂದು ಕಣ್ಣಾರೆ ನೋಡಿಬಿಡೋಣ ಎಂದಳು ಮಗಳು. ನನ್ನ ಡಬ್ಬಿಯಿಂದ ಕೆಂಪು ದಾರದ ಉಂಡೆ ಎತ್ತಿಕೊಂಡಳು. ಒಳ್ಳೆಯ ದಾರ ಅದು, ಬೈದುಕೊಂಡೇ ಕೊಟ್ಟೆ. ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ಒಂದೊಂದರ ತುದಿಗೂ ಅಂಟುಪಟ್ಟಿ ಹಚ್ಚಿ, ಬಾನೆಟ್ ತುಂಬ, ಬಾಯಿಯ ಸುತ್ತ, ತುಟಿಯ ಮೇಲೆ ಅಂಟಿಸಿದಳು. ಗಾಳಿ ಯಾವ ಕಡೆ ಹೋಗುತ್ತದೋ ದಾರವೂ ಆ ಕಡೆ ತಿರುಗುತ್ತದೆ. ಕಾರಿಗೆ ಗಡ್ಡ ಬಂದ ಹಾಗಿತ್ತು. ಓಡಿಸುವಾಗ ಅವಳು ರಸ್ತೆ ನೋಡಬೇಕು, ದಾರ ನೋಡಲು ಇನ್ನೊಬ್ಬರು ಬೇಕು. ತಮ್ಮ ಪೆಟ್ಟಿಗೆಯ ಕಾವು ತೋರಿಸುವ ಮೀಟರಿನ ಮುಳ್ಳು ನೋಡುತ್ತ ಹಿಂದೆ ಕೂತ. ಇವರನ್ನು ಕರೆದರೆ, “ನನಗೆ ಕೆಲಸ ಇದೆ” ಎಂದು ಒಳಗೆ ಹೋದರು. ಮಗಳು ಓಡಿಸುವಾಗ ಇವರು ಆ ಕಾರಿನಲ್ಲಿ ಕೂತವರೇ ಅಲ್ಲ. ಕಡೆಗೆ ನಾನೇ ಸೆರಗು ಸಿಕ್ಕಿಸಿಕೊಂಡು ಕೂತೆ.

ಗೋದಾಮುಗಳ ಹಿಂದೆ ಒಂದು ಖಾಲಿ ರಸ್ತೆಯಿದೆ. ಅಲ್ಲಿ ಅವಳು ಕಾಲು ಒತ್ತಿದಳು ನೋಡಿ, ನನ್ನ ಜೀವ ಬಾಯಿಗೆ ಬಂತು. “ಅಯ್ಯೋ ನಿಧಾನ ಕಣೇ!” ಎಂದು ಕಿರುಚಿದೆ.

“ಆ ಮಾತು ಹೇಳೋಕೆ ನನಗೆ ಸಂಬಳ ಕೊಡ್ತಾರಮ್ಮ. ನೀನು ದಾರ ನೋಡು!”

ನೋಡಿದೆ. ಬಾನೆಟ್ಟಿನ ಮುಂದಿನ ದಾರಗಳೆಲ್ಲ ಅಚ್ಚುಕಟ್ಟಾಗಿ ನಮ್ಮ ಕಡೆ ಮಲಗಿದ್ದವು. ಬಾಯಿಯ ಹತ್ತಿರ ಬರುತ್ತಲೇ ಅವುಗಳ ತಲೆ ಕೆಟ್ಟಿತ್ತು. ಕೆಲವು ಎಡಕ್ಕೆ, ಕೆಲವು ಬಲಕ್ಕೆ. ತುಟಿಯ ಮೇಲಿನವು ನೆಟ್ಟಗೆ ಎದ್ದು ನಿಂತು ಒದ್ದಾಡುತ್ತಿದ್ದವು. ಬಾಯಿಯೊಳಗೆ ಹೋಗುತ್ತಿದ್ದುದು ಒಂದೂ ಇಲ್ಲ. ಅಷ್ಟು ದೊಡ್ಡ ಬಾಯಿ ತೆರೆದು ಬಾ ಬಾ ಎಂದು ಕರೆದರೂ ಗಾಳಿ ಹೊಸಿಲಿನವರೆಗೆ ಬಂದು ಒಲ್ಲೆ ಎಂದು ಪಕ್ಕಕ್ಕೆ ಸರಿಯುತ್ತಿತ್ತು.

ಶೆಡ್ಡಿಗೆ ಬಂದು ಹೇಳಿದೆವು. ಇವರು ಬಾಯಿಯ ಅಂಚನ್ನು ಬೆರಳಿನಿಂದ ಸವರಿ ಸವರಿ ನೋಡಿದರು. ತಪ್ಪು ಸಿಗಲಿಲ್ಲ. ತಮ್ಮ ತಲೆ ಕೆರೆದುಕೊಂಡ. ಮಗಳು ನೆಲದ ಮೇಲೆ ಕೂತು ಗೋಡೆಗೆ ಒರಗಿದಳು. ಪಂದ್ಯಕ್ಕೆ ವಾರವೂ ಉಳಿದಿರಲಿಲ್ಲ.

ನಾನು ನನ್ನ ಮೂಲೆಗೆ ಹೋಗಿ ಮಿಷನ್ ಮುಂದೆ ಕೂತೆ. ಸೆಕೆ ತಡೆಯಲಾಗುತ್ತಿರಲಿಲ್ಲ. ಶೆಡ್ಡಿನ ಮುಂದಿನ ಷಟರ್ ಪೂರ್ತಿ ತೆರೆದಿದೆ, ಲಾರಿ ನುಗ್ಗುವಷ್ಟು ದೊಡ್ಡ ಬಾಗಿಲು, ಆದರೂ ಒಳಗೆ ಒಂದು ಎಳೆ ಗಾಳಿಯಿಲ್ಲ. ಯಾಕೆಂದರೆ ನಮ್ಮವರು ಹಿಂದಿನ ಕಿಟಕಿಯನ್ನು ಸದಾ ಮುಚ್ಚಿರುತ್ತಾರೆ. ಬಣ್ಣದ ಮೇಲೆ ಧೂಳು ಕೂರುತ್ತದಂತೆ. ಈ ವಿಚಾರಕ್ಕೆ ನಮ್ಮಿಬ್ಬರಿಗೂ ಮದುವೆಯಾದಾಗಿನಿಂದ ಜಗಳ. ಅವತ್ತು ಮೊದಲೇ ತಲೆ ಕೆಟ್ಟಿತ್ತಲ್ಲ, “ಧೂಳು ಕೂತರೆ ಕೂರಲಿ, ಇಲ್ಲಿ ಮನುಷ್ಯರು ಬೇಯ್ತಾ ಇದೀವಿ” ಎಂದು ಕಿಟಕಿಯನ್ನು ದಡಾರನೆ ತೆರೆದೆ.

ತೆರೆದದ್ದೇ ತಡ, ಮುಂದಿನ ಬಾಗಿಲಿನಿಂದ ಗಾಳಿ ಬೀಸಿ ಬಂತು. ನೆಲದ ಮೇಲೆ ಚೆಲ್ಲಿದ್ದ ಕೆಂಪು ದಾರದ ಚೂರುಗಳು ಮಗಳ ಕಾಲ ಪಕ್ಕದಿಂದ ಓಡೋಡಿ ಕಿಟಕಿಯ ಕಡೆ ಬಂದವು.

ಮಗಳು ಅವನ್ನೇ ನೋಡಿದಳು. ಆಮೇಲೆ ಕಾರನ್ನು ನೋಡಿದಳು.

“ಮಾವ, ಬಾಯಿಂದ ಒಳಗೆ ಬಂದ ಗಾಳಿ ಹೊರಗೆ ಹೋಗೋದು ಎಲ್ಲಿಂದ?”

“ಎಂಜಿನ್ ಕೆಳಗಿಂದ. ಹಿಂದಕ್ಕೆ ಹಾದು ರಸ್ತೆಗೆ...” ಎನ್ನುತ್ತ ತಮ್ಮ ಅರ್ಧಕ್ಕೇ ನಿಂತ.

ಇಬ್ಬರೂ ಒಟ್ಟಿಗೆ ಕಾರಿನ ಕೆಳಗೆ ತೂರಿದರು. ಅಲ್ಲಿತ್ತು ನಮ್ಮವರ ಇನ್ನೊಂದು ಕೆಲಸ. ಆ ವರ್ಷದ ಮೊದಲ ಪಂದ್ಯದಲ್ಲಿ ರಸ್ತೆಯ ಕಲ್ಲೊಂದು ಎಗರಿ ಎಂಜಿನ್ನಿನ ಅಡಿಗೆ ಬಡಿದು, ಎಣ್ಣೆ ಚೆಲ್ಲಿ, ಕಾರು ಜಾರಿ ಕಟ್ಟೆಗೆ ತಾಗಿತ್ತು. ಮಗಳಿಗೆ ಏನೂ ಆಗಲಿಲ್ಲ, ನಗುತ್ತಲೇ ಇಳಿದಳು. ಆದರೆ ಮನೆಗೆ ಬಂದವರೇ ನಮ್ಮವರು ಕಾರಿನ ಹೊಟ್ಟೆಗೆ ಈ ಕಡೆಯಿಂದ ಆ ಕಡೆಯವರೆಗೆ ದಪ್ಪ ತಗಡು ಬಡಿದು ಮುಚ್ಚಿಬಿಟ್ಟಿದ್ದರು. ಅವರ ಕೆಲಸವೆಂದ ಮೇಲೆ ಸಂದೆಲ್ಲಿ? ಇರುವೆಗೂ ದಾರಿಯಿಲ್ಲ. ಅದೇ ಸಮಯಕ್ಕೆ ತಮ್ಮ ದೊಡ್ಡ ಟರ್ಬೊ ಕೂರಿಸಿದ್ದ. ಕಾರಿಗೆ ಏದುಸಿರು ಬಂದಾಗ ಪಾಪವೆಲ್ಲ ಟರ್ಬೊ ತಲೆಗೆ ಕಟ್ಟಿದೆವು, ತಗಡಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಮಗಳು ಹೊರಗೆ ಬಂದಳು. ಮುಖ ಕೆಂಪಾಗಿತ್ತು.

“ಅಪ್ಪ, ಎಲ್ಲ ಮುಚ್ಚಿದ್ದೀಯ. ಒಳಗೆ ಬಂದ ಗಾಳಿಗೆ ದಾರಿನೇ ಇಲ್ಲ. ತುಂಬಿದ ಬಸ್ಸಿಗೆ ಜನ ಹೇಗೆ ಹತ್ತಬೇಕು?”

“ಕಲ್ಲು ಬಡಿಯುತ್ತೆ ಅಂತ ಮುಚ್ಚಿದೆ.”

“ನಾನು ಓಡಿಸೋದು ಇಷ್ಟ ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು. ಹೀಗೆ ಉಸಿರು ಕಟ್ಟಿಸಬೇಕಿತ್ತಾ?”

ಇವರು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತರು. ನನಗೆ ಇಬ್ಬರ ಮೇಲೂ ಮೈ ಉರಿಯಿತು.

“ಏನೇ, ನಿಮ್ಮಪ್ಪನಿಗೆ ಗಾಳಿ ಶಾಸ್ತ್ರ ಗೊತ್ತಿದ್ದು ಬೇಕಂತ ಮುಚ್ಚಿದ್ರು ಅಂದ್ಕೊಂಡಿದ್ದೀಯಾ? ಆ ಬಾಯಿ ನೋಡು. ಗಾಳಿ ಬರಲಿ ಅಂತ ಊಟ ಬಿಟ್ಟು ತಟ್ಟಿದಾರೆ. ಮತ್ತೆ ನೀವು! ಬಾಯಲ್ಲಿ ಕಡುಬು ಇಟ್ಕೊಂಡಿದ್ದೀರಾ? ಹೇಳಿ ಅವಳಿಗೆ.”

ಇವರು ತಲೆ ಎತ್ತಲಿಲ್ಲ. “ಹೆದರಿಕೆ ಆಗಿತ್ತು ಕಣಮ್ಮ,” ಎಂದರು ಮೆಲ್ಲಗೆ. “ಅವತ್ತು ಎಣ್ಣೆ ಹರಿದಿದ್ದು ನೋಡಿ ಕೈಕಾಲು ತಣ್ಣಗಾಯ್ತು. ನೀನು ಓಡಿಸ್ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ತಗಡು ಹೊಡೆಯೋದು ಬರುತ್ತೆ, ಅದನ್ನ ಹೊಡೆದೆ.”

ಮಗಳು ಅಪ್ಪನ ಕೈಯಿಂದ ಆ ಬಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟಳು. ನಾನಂತೂ ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅಷ್ಟರಲ್ಲಿ ತಮ್ಮ, “ಭಾವ, ಆ ತಗಡು ಬಿಚ್ಚಿ ಬಿಸಾಡೋಣ” ಎಂದ.

“ಬಿಚ್ಚೋದಾ?” ಇವರ ದನಿ ಏರಿತು. “ಮತ್ತೆ ಕಲ್ಲು?”

“ಮತ್ತೆ ಗಾಳಿ?” ಎಂದ ತಮ್ಮ.

“ಎರಡಕ್ಕೂ ಏನಾದ್ರೂ ಮಾಡ್ಬೇಕು. ಸರಿ ಅತ್ಲಾಗೆ, ಜಾಗ ಬಿಡಿ.”

ತಗಡನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದರು. ಸುಣ್ಣದ ಕಡ್ಡಿಯಿಂದ ಅಡ್ಡಗೆರೆಗಳನ್ನು ಎಳೆದರು. ಉಳಿ ಇಟ್ಟು ಸುತ್ತಿಗೆ ಎತ್ತಿದವರು ಅರೆಗಳಿಗೆ ಹಾಗೇ ನಿಂತರು. ಜೀವಮಾನವೆಲ್ಲ ಸಂದು ಮುಚ್ಚಿದ ಮನುಷ್ಯ, ತನ್ನ ಕೈಯಾರೆ ಮಾಡಿದ ತಗಡನ್ನು ಸೀಳಬೇಕು. ಕಣ್ಣು ಕಿರಿದು ಮಾಡಿ ಹೊಡೆದೇಬಿಟ್ಟರು. ಒಂದೊಂದು ಸೀಳನ್ನೂ ಸ್ವಲ್ಪ ಕೆಳಕ್ಕೆ ಬಗ್ಗಿಸಿ, ಅದರ ಬಾಯಿ ಹಿಂದಕ್ಕೆ ತಿರುಗುವಂತೆ ಮಡಚಿದರು. ಮುಂದಿನಿಂದ ಎಗರಿ ಬಂದ ಕಲ್ಲು ಆ ಮಡಿಕೆಯ ಬೆನ್ನಿಗೆ ಬಡಿದು ಜಾರಿಹೋಗಬೇಕು. ಒಳಗಿನ ಗಾಳಿ ಹಿಂದಿನಿಂದ ನುಸುಳಿ ಹೊರಡಬೇಕು. ಆಮೇಲೆ ಅರ ತೆಗೆದುಕೊಂಡು ಸೀಳುಗಳ ಅಂಚನ್ನೆಲ್ಲ ಉಜ್ಜಲು ಕೂತರು.

“ಕೆಳಗೆ ಯಾರು ನೋಡ್ತಾರೆ ಭಾವ?” ಎಂದ ತಮ್ಮ.

“ಸಂದು ಬಿಡೋದಾದ್ರೂ ನೆಟ್ಟಗೆ ಬಿಡ್ಬೇಕು.”

ಮರುದಿನ ಮತ್ತೆ ದಾರ ಅಂಟಿಸಿದೆವು. ಈ ಸಲ ಯಾರೂ ಕರೆಯದೆಯೇ ಇವರು ಮುಂದಿನ ಸೀಟಿನಲ್ಲಿ ಹೋಗಿ ಕೂತು ಪಟ್ಟಿ ಬಿಗಿದುಕೊಂಡರು. ಕಣ್ಣು ಮುಚ್ಚಿಕೊಂಡಿದ್ದರು. “ದಾರ ನೋಡೋರು ಕಣ್ಣು ಬಿಡ್ಬೇಕು” ಎಂದೆ ಹಿಂದಿನಿಂದ. ಕಾರು ವೇಗ ಹಿಡಿಯಿತು. ಬಾಯಿಯ ಸುತ್ತಲಿನ ಕೆಂಪು ದಾರಗಳು ಒಮ್ಮೆ ನಡುಗಿದವು, ಆಮೇಲೆ ಸಂಜೆ ಕೊಟ್ಟಿಗೆಗೆ ನುಗ್ಗುವ ದನಗಳ ಹಾಗೆ ಒಂದರ ಹಿಂದೊಂದು ತಲೆ ತಗ್ಗಿಸಿ ಒಳಕ್ಕೆ ತಿರುಗಿದವು. “ಮುಳ್ಳು ಇಳೀತು!” ಎಂದು ತಮ್ಮ ನನ್ನ ಬೆನ್ನಿಗೆ ಗುದ್ದಿದ. ಇವರು ಹೆದರುವುದನ್ನು ಮರೆತು ಗಾಜಿಗೆ ಮೂಗು ಒತ್ತಿಕೊಂಡು, “ಇನ್ನೊಂದು ಸಲ, ಇನ್ನೊಂದು ಸಲ” ಎನ್ನುತ್ತಿದ್ದರು.

ಆ ಇನ್ನೊಂದು ಸಲದಲ್ಲಿ ಇವರೇ ಒಂದು ಸಂಗತಿ ಕಂಡುಹಿಡಿದರು. ಬಾನೆಟ್ಟಿಗೆ ತೀರ ಅಂಟಿಕೊಂಡ ದಾರಗಳು ಜೋಲುತ್ತಿದ್ದವು, ಬೆರಳಗಲ ಮೇಲೆ ಎದ್ದಿದ್ದ ದಾರಗಳು ಮಾತ್ರ ಬಿಗಿಯಾಗಿ ಚಾಚಿದ್ದವು. ತಗಡಿಗೆ ಮೈಯುಜ್ಜಿಕೊಂಡು ಬರುವ ಗಾಳಿ ಸೋಮಾರಿ, ಮೇಲಿನದೇ ಚುರುಕು. ಶೆಡ್ಡಿಗೆ ಬಂದವರೇ ಬೀದಿಯೆಲ್ಲ ಹೊಗಳಿದ್ದ ಆ ಮಹಾಬಾಯಿಯನ್ನು ಕತ್ತರಿಸಿ ತೆಗೆದರು. ಹಳೆಯದರಷ್ಟೇ ಚಿಕ್ಕದೊಂದು ಬಾಯಿ ಮಾಡಿ, ಅದರ ಕೆಳತುಟಿಯನ್ನು ಬಾನೆಟ್ಟಿನಿಂದ ಬೆರಳಗಲ ಮೇಲಕ್ಕೆತ್ತಿದರು. ಸೋಮಾರಿ ಗಾಳಿ ಅಡಿಯ ಸಂದಿನಲ್ಲಿ ಹಾಯ್ದುಹೋಗಲಿ, ಚುರುಕಿನದು ಮಾತ್ರ ಒಳಗೆ ಬರಲಿ ಎಂದು. ಬೀಗದಂಗಡಿಯವನು ನೋಡಿ, “ಅಯ್ಯೋ, ಬಾಡಿಗೆ ಮನೆ ಕೆಡವಿಬಿಟ್ಯಲ್ಲೋ!” ಎಂದು ಪೇಚಾಡಿದ.

ಪಂದ್ಯದ ದಿನ ನಾವು ಗುಡ್ಡದ ಮೇಲ್ಭಾಗದ ತಿರುವಿನಲ್ಲಿ ನಿಂತೆವು. ಕಾರಿಗೆ ಏದುಸಿರು ಬರುತ್ತಿದ್ದದ್ದು ಅಲ್ಲೇ. ಕೆಳಗಿನಿಂದ ಅವಳ ಎಂಜಿನ್ನಿನ ಸದ್ದು ಕೇಳಿತು. ಇವರು ನನ್ನ ಕೈ ಹಿಡಿದುಕೊಂಡರು. ಸುತ್ತಿಗೆ ಹಿಡಿದ ಕೈ ಅದು, ನನ್ನ ಮೂಳೆ ಲಟಕ್ಕೆಂದಿತು. ಸದ್ದು ಹತ್ತಿರವಾಯಿತು, ತಿರುವಿಗೆ ಬಂತು. ಇಲ್ಲೇ ಇಳಿಯಬೇಕಿತ್ತು, ಇಳಿಯಲಿಲ್ಲ. ಕಾರು ನಮ್ಮ ಮುಂದೆ ಹಾದು, ಒಂದೇ ದನಿಯಲ್ಲಿ ಕೂಗುತ್ತ ಮೇಲೆ ಹೋಗಿ ಮರೆಯಾಯಿತು. ಒಂದು ಕಲ್ಲು ಎಗರಿ ಅದರ ಅಡಿಗೆ ಟಣ್ಣೆಂದು ಬಡಿದದ್ದೂ ನಮಗೆ ಕೇಳಿತು.

“ತಡೀತು,” ಎಂದರು ಇವರು. ಕಣ್ಣು ತುಂಬಿ ನಗುತ್ತಿದ್ದರು.

ನೆತ್ತಿಗೆ ಹತ್ತಿ ಹೋಗುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಹೇಳಿಬಿಟ್ಟಿದ್ದರು: ನಮ್ಮ ಹುಡುಗಿ ಎರಡನೆಯವಳು. ತಮ್ಮ ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿದ. ನಾನು ಕಂಡಕಂಡವರ ಕೈ ಹಿಡಿದು ನನ್ನ ಮಗಳು, ನನ್ನ ಮಗಳು ಎಂದು ಬಡಬಡಿಸಿದೆ. ಅಷ್ಟರಲ್ಲಿ ಆ ದೊಡ್ಡ ತಂಡದ ಮುಖ್ಯಸ್ಥ, ಹಾಲಿನಂಥ ಬಿಳಿ ಅಂಗಿ ತೊಟ್ಟವನು, ತನ್ನ ಮೆಕ್ಯಾನಿಕ್‌ಗಳನ್ನು ಕರೆದುಕೊಂಡು ನಮ್ಮ ಕಾರಿನ ಹತ್ತಿರ ಬಂದ. ಬಾನೆಟ್ಟಿನ ಬಾಯಿಯ ಮೇಲೆ ಕೈಯಾಡಿಸಿದ.

“ಚಿಕ್ಕದಾದ್ರೂ ಚೆನ್ನಾಗಿ ಕೆಲಸ ಮಾಡಿದೆ. ಯಾರು ಮಾಡಿದ್ದು ಇದನ್ನ?”

“ನಾನೇ ಸ್ವಾಮಿ. ಆದ್ರೆ ಮೇಲೆ ಏನು ನೋಡ್ತೀರಾ? ಕೆಳಗೆ ಬನ್ನಿ,” ಎಂದವರೇ ನಮ್ಮವರು ನೆಲಕ್ಕೆ ಬೆನ್ನು ಹಚ್ಚಿ ಕಾರಿನಡಿ ಜಾರಿದರು. ಬಿಳಿ ಅಂಗಿಯವನು ಅತ್ತಿತ್ತ ನೋಡಿದ. ಅಂಗಿಯ ಆಸೆ ಬಿಟ್ಟು ಅವನೂ ಮಲಗಿ ತೂರಿದ. ಹಿಂದೆಯೇ ಅವನ ಮೆಕ್ಯಾನಿಕ್‌ಗಳು. ಬಹುಮಾನಕ್ಕೆ ಬನ್ನಿ ಎಂದು ಧ್ವನಿವರ್ಧಕ ಕೂಗುತ್ತಿತ್ತು. ಬಹುಮಾನ ಕೊಡಬೇಕಾದ ಬಿಳಿ ಅಂಗಿಯವನ ಬೂಟುಗಳು ಮಾತ್ರ ಕಾರಿನಡಿಯಿಂದ ಹೊರಗೆ ಕಾಣುತ್ತಿದ್ದವು.

“ಬರೀ ಗಾಳಿಗಾದ್ರೆ ತಗಡೇ ಬೇಡ್ವಲ್ಲ. ಇಷ್ಟು ಕಷ್ಟಪಟ್ಟು ಸೀಳು ಯಾಕೆ?” ಎಂದು ಅವನು ಕೇಳಿದ್ದು ಕೇಳಿಸಿತು.

“ಓಡಿಸೋಳು ನನ್ನ ಮಗಳು ಸ್ವಾಮಿ,” ಎಂದರು ನಮ್ಮವರು. “ಕಲ್ಲೂ ತಾಗಬಾರದು, ಅವಳ ಗಾಳಿಗೆ ಅಡ್ಡಾನೂ ಬರಬಾರದು. ಎರಡೂ ಆಗ್ಬೇಕು. ಮೊದಲು ನನಗೂ ಒಂದೇ ಗೊತ್ತಿತ್ತು.”

ಮಗಳು ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ನಿಂತಿದ್ದಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಬಗ್ಗಿ ಕಾರಿನಡಿ ಇಣುಕಿ, “ಅಪ್ಪಾ, ಹೊರಗೆ ಬಾರೋ. ನನ್ನ ತಂಡಕ್ಕೆ ತಗೊಂಡಿದಾರೆ!” ಎಂದು ಕೂಗಿದಳು.

“ಗೊತ್ತು ಕಣಮ್ಮ,” ಎಂದಿತು ಕೆಳಗಿನ ದನಿ. “ಆಯ್ಕೆ ಮಾಡಿದೋರು ಇಲ್ಲೇ ನನ್ನ ಪಕ್ಕ ಮಲಗಿದಾರೆ. ತಡಿ, ಹಿಂದಿನ ಸೀಳೊಂದು ತೋರಿಸಿ ಬರ್ತೀನಿ.”